ಕಡಗಕ್ಕೆ ಕಾಣದ ಕೈ

ನವಲಗುಂದದ ವಿರೂಪಾಕ್ಷ ಹೂಗಾರ ತನಗೆ ಜೂಜಿನ ಕಾಯಿಲೆ ಇದೆ ಎಂದು ತಾನೇ ಒಪ್ಪಿಕೊಂಡು ಬಂದಿದ್ದ. ಇಲ್ಲ ಎಂದದ್ದು ಯಂತ್ರ.

ಧಾರವಾಡದ ಕೆಲಗೇರಿ ಕೆರೆಯ ಆಚೆ ಇದ್ದ ಆ ಪ್ರಯೋಗಾಲಯದಲ್ಲಿ ಯಂತ್ರವನ್ನು ಎಲ್ಲರೂ ಕಡಗ ಎಂದೇ ಕರೆಯುತ್ತಿದ್ದರು. ಕಾಗದಪತ್ರಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು, ಆದರೆ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಎಡಗೈಗೆ ಹಾಕಿಕೊಳ್ಳುವ ತೆಳುವಾದ ಬಳೆ ಅದು. ಒಳಮೈಯಲ್ಲಿದ್ದ ಕೂದಲಿನಂಥ ತಂತಿಗಳು ನಾಡಿಯ ಬಡಿತವನ್ನು, ಚರ್ಮದ ಬೆವರನ್ನು, ಸ್ನಾಯುವಿನ ಸಣ್ಣ ಅದುರನ್ನು ಓದುತ್ತಿದ್ದವು. ಕಡಗ ತೊಟ್ಟವರ ಮುಂದೆ ಪರದೆಯ ಮೇಲೆ ಮೂರು ಚಕ್ರಗಳು ತಿರುಗುತ್ತವೆ. ಮೂರರಲ್ಲೂ ನವಿಲು ಬಂದರೆ ಗೆಲುವು. ಎರಡರಲ್ಲಿ ನವಿಲು ಬಂದು, ಮೂರನೆಯದರಲ್ಲಿ ಅದರ ಗರಿ ಕಾಣಿಸಿದಂತೆ ಮಾಡಿ ಚಕ್ರ ಮುಂದಕ್ಕೆ ಸರಿದುಬಿಟ್ಟರೆ? ಗುಟ್ಟು ಇರುವುದು ಅಲ್ಲಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಸಾಮಾನ್ಯರ ಮೈ ಆ ಕ್ಷಣ ಸಪ್ಪಗಾಗುತ್ತದೆ. ಜೂಜಿನ ಚಟ ಹತ್ತಿದವರ ಮೈ ಮಾತ್ರ ಗೆದ್ದಷ್ಟೇ ಹಿಗ್ಗುತ್ತದೆ. ಸೋತೆ ಎಂದು ಬಾಯಿ ಹೇಳುತ್ತಿರುವಾಗಲೇ ಇನ್ನೊಂದು ಸಲ, ಇನ್ನೊಂದೇ ಸಲ ಎಂದು ನಾಡಿ ಕುಣಿಯುತ್ತದೆ. ಕಡಗ ಹಿಡಿಯುತ್ತಿದ್ದುದು ಈ ಕಳ್ಳ ಹಿಗ್ಗನ್ನು. ಅದು ಮಿತಿ ಮೀರಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು.

ಹೂಗಾರನ ಕೈಯಲ್ಲಿ ಹಸಿರು ಹೊತ್ತಿತು.

“ಕಂಡ್ಯಾ?” ಎಂದಳು ಅವನನ್ನು ಕರೆತಂದಿದ್ದ ಅಕ್ಕ ಗಂಗವ್ವ. “ರೋಗಿಲ್ಲ ರುಜಿನಿಲ್ಲ. ಬರೇ ಸೊಕ್ಕು. ನಡಿ ಮನಿಗೆ.”

“ಅಕ್ಕಾ, ಯಂತ್ರ ತಪ್ಪೈತಿ. ನನ್ನ ಹಣೇಬಾರ ನನಗ ಗೊತ್ತಿಲ್ಲೇನ? ಹೂವು ಕಟ್ಟೂಮುಂದ ಒಂದು ಕೈ ದಾರದಾಗ, ಒಂದು ಕೈ ಫೋನಿನಾಗ. ಲಗ್ನದ ಮನಿಯವರು ಹಾರಾ ಕೇಳ್ಕೋತ ಎದುರಿಗೆ ನಿಂತಿದ್ರೂ ನನಗ ಅವರ ದನಿ ಕೇಳಂಗಿಲ್ಲ.” ಅವನು ಡಾಕ್ಟರ ಕಡೆ ತಿರುಗಿ ಕೈಮುಗಿದ. “ನನ್ನ ಇಲ್ಲೇ ಇಟ್ಕೋರಿ ಬಾಯಾರ. ಮನಿಗೆ ಹೋದ್ರ ಮತ್ತ ಆಡ್ತೀನಿ.”

ಡಾಕ್ಟರ್ ನಫೀಸಾ ಮುಲ್ಲಾ ಮೂವತ್ತು ವರ್ಷದಿಂದ ಮನೋರೋಗಿಗಳ ನಡುವೆಯೇ ಇದ್ದವರು. ಅವರಿಗೂ ಅನುಮಾನ ಬಾರದೆ ಇರಲಿಲ್ಲ. ಆದರೆ ಚಿಕಿತ್ಸೆಗೆ ಜಾಗ ಕಡಿಮೆ, ಬರುವವರು ಹೆಚ್ಚು. ಮೊದಲು ಕೆಂಪು ಬಂದವರಿಗೆ ಎಂದು ಮೇಲಿನಿಂದ ನಿಯಮವಾಗಿತ್ತು. “ಮುಂದಿನ ವಾರ ಮತ್ತ ಬರ್ರಿ ವಿರೂಪಾಕ್ಷ. ಇನ್ನೊಮ್ಮೆ ನೋಡೋಣು. ಅಲ್ಲೀತನಕ ಫೋನ್ ಅಕ್ಕನ ಕೈಯಾಗ ಕೊಡ್ರಿ,” ಎಂದರು.

ಗಾಜಿನ ಗೋಡೆಯ ಈಚೆ, ನಿಯಂತ್ರಣ ಕೊಠಡಿಯಲ್ಲಿ ಕುಳಿತಿದ್ದ ಮಹಾನಂದಾ ಕಬ್ಬೂರಗೆ ಇದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಕೆಂಪೋ ಹಸಿರೋ ಎಂದು ತೀರ್ಮಾನಿಸುವ ಲೆಕ್ಕಾಚಾರವೆಲ್ಲ ಅವಳದೇ ಕೈಕೆಲಸ. ಮೂರನೆಯ ಚಕ್ರ ತಪ್ಪಿದಾಗ ಹೂಗಾರನ ಮುಖ ಅರಳಿದ್ದನ್ನು ಅವಳು ನೋಡಿದ್ದಳು. ಇನ್ನೊಮ್ಮೆ ಒತ್ತಿ ಎಂದು ಯಾರೂ ಹೇಳುವ ಮೊದಲೇ ಅವನ ಬೆರಳು ಗುಂಡಿಯ ಮೇಲೆ ಹೋಗಿ ಕುಳಿತಿತ್ತು. ಈ ಮನುಷ್ಯ ನಿಜ ಹೇಳುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಅಷ್ಟು ಖಾತ್ರಿ ಹೇಗಾಯಿತು ಎಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು.

ಕಡಗಕ್ಕೆ ಆರೋಗ್ಯ ಎಂದರೇನು ಎಂದು ಕಲಿಸಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಕಾಯಿಲೆಯನ್ನು ಅಳೆಯಬೇಕಾದರೆ ಮೊದಲು ಕಾಯಿಲೆ ಇಲ್ಲದವರ ಮೈ ಗೊತ್ತಿರಬೇಕಲ್ಲ. ಪ್ರಶ್ನೆಪತ್ರಿಕೆ ಕೊಟ್ಟು “ನೀವು ಜೂಜಾಡುತ್ತೀರಾ” ಎಂದು ಕೇಳಿದರೆ ಧರ್ಮರಾಯನೂ ಇಲ್ಲ ಎಂದು ಬರೆದಾನು. ಆಗ ನಫೀಸಾ ಅವರಿಗೊಂದು ಉಪಾಯ ಹೊಳೆಯಿತು. ನಾಗರಪಂಚಮಿ ಹತ್ತಿರ ಬಂದಿತ್ತು. ಆ ಸೀಮೆಯಲ್ಲಿ ಪಂಚಮಿ ಎಂದರೆ ಹೆಂಗಸರಿಗೆ ಜೋಕಾಲಿ ಮತ್ತು ಉಂಡಿ, ಗಂಡಸರಿಗೆ ಪಂದ್ಯ. ಇಷ್ಟೇ ಎಸೆತದಲ್ಲಿ ನಿಂಬೆಹಣ್ಣನ್ನು ಮುಂದಿನ ಊರಿಗೆ ಮುಟ್ಟಿಸುತ್ತೇನೆಂದು ಪಣ ಕಟ್ಟುತ್ತಾರೆ; ವರ್ಷವಿಡೀ ಒಂದು ಇಸ್ಪೀಟ್ ಎಲೆ ಮುಟ್ಟದ ಮಾಸ್ತರರೂ ಅವತ್ತು ಎಸೆದೇ ಎಸೆಯುತ್ತಾರೆ. ಪ್ರಯೋಗಾಲಯದವರೂ ಅವತ್ತು ಹೆಣ್ಣುಗಂಡೆನ್ನದೆ ಗೇಟಿನಿಂದ ಕೆರೆಯ ಏರಿಯವರೆಗೆ ನಿಂಬೆಹಣ್ಣು ಎಸೆದರು, ಕೊಬ್ಬರಿ ಬಟ್ಟಲು ಪಣಕ್ಕಿಟ್ಟರು. ಗದ್ದಲವೋ ಗದ್ದಲ. ಹಬ್ಬದ ದಿನವೂ ಪಣ ಕಟ್ಟದೆ ದೂರ ಉಳಿದವರು ಒಂದು ಡಜನ್ ಮಂದಿ. ಇವರೇ ಜೂಜಿನ ಗೊಡವೆ ಇಲ್ಲದ ಕೈಗಳು ಎಂದು ನಫೀಸಾ ಅವರನ್ನು ಆರಿಸಿಕೊಂಡರು. ಅವರಲ್ಲಿ ಮಹಾನಂದಾ ಒಬ್ಬಳು. ಎಲ್ಲರೂ ಕೆಳಗೆ ಕೂಗಾಡುತ್ತಿದ್ದಾಗ ಅವಳು ಮೇಲಿನ ಬಾಲ್ಕನಿಯಲ್ಲಿ ಒಬ್ಬಳೇ ಫೋನು ಹಿಡಿದು ನಿಂತಿದ್ದಳು.

ಉಪಾಯ ಚೆನ್ನಾಗಿಯೇ ಇತ್ತು. ಜಾಣರ ತಪ್ಪುಗಳು ಯಾವಾಗಲೂ ಚೆನ್ನಾಗಿಯೇ ಇರುತ್ತವೆ.

ಹೂಗಾರ ಬಂದುಹೋದ ದಿನ ಸಂಜೆ ಮಹಾನಂದಾ ಮನೆಗೆ ಬಂದಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಬಡಿಯುತ್ತಿದ್ದವನು ಗಂಡ ಗುರುಪಾದ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ಎರಡು ವರ್ಷದಿಂದ ಈಚೆಗೆ ರೊಟ್ಟಿ ಕಲಿತಿದ್ದ. ಮೊದಮೊದಲು ಅವನ ರೊಟ್ಟಿಗಳಲ್ಲಿ ಖಂಡಗಳೆಲ್ಲ ಕಾಣುತ್ತಿದ್ದವು. ಈಗ ದುಂಡಗಾಗಿದ್ದವು.

“ಮುಂದಿನ ತಿಂಗಳ ನಮ್ಮಣ್ಣನ ಮಗಳ ಲಗ್ನ,” ಎಂದ ಅವನು, ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತ. “ಬೋರಮಾಳ ಪಾಲಿಶ್‌ಗೆ ಕೊಟ್ಟೀನಿ ಅಂದಿದ್ದೆಲ್ಲಾ, ಬಂತೇನು?”

“ಆ ಬಂಗಾರದ ಪತ್ತಾರ ಊರಾಗಿಲ್ಲ. ಬರ್ತದ.”

“ಬಾಳ ದಿನದಿಂದ ಊರಾಗಿಲ್ಲಪ್ಪಾ ನಿನ್ನ ಪತ್ತಾರ.”

ಅವನು ನಗುತ್ತಲೇ ಹೇಳಿದ. ಮಹಾನಂದಾ ನಗಲಿಲ್ಲ. ಬೋರಮಾಳ, ಆ ಬಂಗಾರದ ಸರ, ಒತ್ತೆಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ಅವಳು ಕೋಣೆಗೆ ಹೋಗಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಫೋನಿನಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಿನ ಆಟ ತೆರೆದಳು.

ಮೊದಲು ಅದನ್ನು ಫೋನಿಗೆ ಹಾಕಿಕೊಂಡದ್ದು ಕೆಲಸಕ್ಕೇ. ಇಂಥ ಆಟಗಳು ಗೆಲುವನ್ನು ಹೇಗೆ ಕೂದಲೆಳೆಯಲ್ಲಿ ತಪ್ಪಿಸುತ್ತವೆ, ಆಡುವವರನ್ನು ಹೇಗೆ ಕಟ್ಟಿಹಾಕುತ್ತವೆ ಎಂದು ತಿಳಿಯಬೇಕಿತ್ತು. ತಿಳಿದಳು. ವರದಿ ಬರೆದಳು. ಕೆಲಸ ಮುಗಿಯಿತು, ಆಟ ಉಳಿಯಿತು. ಗುರುಪಾದ ಕೇಳಿದಾಗಲೆಲ್ಲ “ಕೆಲಸದ್ದು” ಎನ್ನುತ್ತಿದ್ದಳು, ಅವನು ಬಾಗಿಲು ಮುಂದೆ ಮಾಡಿ ಹೋಗುತ್ತಿದ್ದ. ಎಷ್ಟು ಸಲ ಹೇಳಿದ್ದಳೆಂದರೆ ಅವಳೂ ಅದನ್ನು ನಂಬಿದ್ದಳು. ಜೂಜುಕೋರರೆಂದರೆ ಬೇರೆಯವರು, ಗಾಜಿನ ಗೋಡೆಯ ಆಚೆ ಕುಳಿತುಕೊಳ್ಳುವವರು. ತಾನು ಆಟದ ಒಳಗುಟ್ಟು ಬಲ್ಲವಳು. ಬಲ್ಲವರಿಗೂ ಬೆಂಕಿ ಸುಡುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಊಟಕ್ಕೆ ಕರೆದು ಕರೆದು, ಕೊನೆಗೆ ಗುರುಪಾದ ಒಬ್ಬನೇ ಉಂಡು ಅವಳ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟ.

ಮರುದಿನ ಬೆಳಿಗ್ಗೆಯಿಂದಲೇ ಮಹಾನಂದಾ ಹೂಗಾರನ ಹಸಿರಿನ ಬೆನ್ನು ಹತ್ತಿದಳು. ಕಡಗದ ತಂತಿಗಳು ಸರಿಯಾಗಿದ್ದವು. ಅವನ ನಾಡಿಯ ಗೆರೆ ಪರದೆಯ ಮೇಲೆ ಎದ್ದು ಕಾಣುವಂತೆ ಹಿಗ್ಗಿತ್ತು. ಆದರೂ ಯಂತ್ರ ಅದನ್ನು ನೋಡಿ ಇಷ್ಟು ಹಿಗ್ಗು ಎಲ್ಲರಿಗೂ ಇರುತ್ತದೆ ಎನ್ನುತ್ತಿತ್ತು. ಎಂದರೆ ತೂಗುವ ತಕ್ಕಡಿ ಸರಿ ಇದೆ, ಸೇರಿನ ಕಲ್ಲೇ ತಪ್ಪಿದೆ.

ಅವಳು ಆ ಒಂದು ಡಜನ್ ಕೈಗಳ ಗೆರೆಗಳನ್ನು ತೆರೆದಳು. ಯಾರದು ಯಾವುದೆಂದು ಗೊತ್ತಾಗದಂತೆ ಹೆಸರು ತೆಗೆದು ಅಂಕಿ ಹಾಕಿದ್ದರು. ಆರು ತಿಂಗಳು ಅವರೆಲ್ಲ ಕಡಗ ತೊಟ್ಟೇ ಓಡಾಡಿದ್ದರು, ವಾರಕ್ಕೊಮ್ಮೆ ಚಕ್ರದ ಪರೀಕ್ಷೆಗೆ ಕುಳಿತಿದ್ದರು. ಆದರೆ ಮನುಷ್ಯರ ಕೈ ಸುಮ್ಮನಿರುವುದಿಲ್ಲವಲ್ಲ. ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಗಂಡಸರು ತಗ್ಗುದಿಣ್ಣೆಯ ರಸ್ತೆಯಲ್ಲಿ ಬೈಕು ಓಡಿಸುತ್ತಿದ್ದರು, ಒಬ್ಬರು ಭಜನೆಯಲ್ಲಿ ತಾಳ ಬಡಿಯುತ್ತಿದ್ದರು. ಅವರ ಗೆರೆಗಳೆಲ್ಲ ಗೀಚಿ ಬಿಟ್ಟಂತಿದ್ದವು. ಗೆರೆ ಎಷ್ಟು ಸ್ವಚ್ಛವೋ ಅದಕ್ಕೆ ಅಷ್ಟು ಬೆಲೆ ಕೊಡಬೇಕೆಂದು ಯಂತ್ರಕ್ಕೆ ಕಲಿಸಿದ್ದವಳು ಮಹಾನಂದಾಳೇ. ಏಳನೆಯ ಕೈ ಮಾತ್ರ ದಿನಾ ಸಂಜೆ ಕಲ್ಲಿನ ಹಾಗೆ ಸ್ಥಿರ, ಗೆರೆ ಸ್ಫಟಿಕದಷ್ಟು ಶುದ್ಧ. ಯಂತ್ರ ಉಳಿದವರನ್ನೆಲ್ಲ ಬದಿಗಿಟ್ಟು ಏಳನೆಯ ಕೈಯನ್ನೇ ಗುರುವಾಗಿ ಹಿಡಿದಿತ್ತು. ಆರೋಗ್ಯ ಎಂದರೆ ಏಳನೆಯ ಕೈ.

ಆ ಏಳನೆಯ ಕೈಯ ಚಕ್ರದ ಪರೀಕ್ಷೆಯನ್ನು ತೆರೆದು ನೋಡಿದಾಗ ಅವಳ ಕಣ್ಣುಗಳು ಅಗಲವಾದವು. ನವಿಲು ತಪ್ಪಿದಾಗಲೆಲ್ಲ ನಾಡಿ ಕುಣಿದಿತ್ತು. ಹೂಗಾರನಿಗಿಂತ ಜೋರಾಗಿ.

“ಅಯ್ಯ ಪಾಪ,” ಎಂದಳು ಮಹಾನಂದಾ, ಖಾಲಿ ಕೊಠಡಿಯಲ್ಲಿ. “ಯಾರೋ ಏನೋ. ನಮ್ಮ ನಡುವನ ಅದಾರಲ್ಲ.”

ಭಜನೆಯ ತಾಳದವರಿರಬಹುದೇ, ಲೆಕ್ಕದ ವಿಭಾಗದ ಆ ಮೌನಿ ಇರಬಹುದೇ ಎಂದು ಒಬ್ಬೊಬ್ಬರನ್ನೇ ನೆನೆದಳು. ಅಂಥವರನ್ನು ಇವತ್ತೇ ಹಿಡಿದು ನಫೀಸಾ ಅವರ ಮುಂದೆ ಕೂರಿಸಬೇಕು, ತಡ ಮಾಡಬಾರದು ಎಂದುಕೊಂಡಳು. ಏಳನೆಯ ಕೈಯನ್ನು ಲೆಕ್ಕದಿಂದ ಹೊರಗಿಟ್ಟು ಯಂತ್ರಕ್ಕೆ ಹೊಸದಾಗಿ ಕಲಿಸಿದಳು. ಹೂಗಾರನ ಹಳೆಯ ಗೆರೆಯನ್ನು ಮತ್ತೆ ತೂಗಿದಾಗ ಕೆಂಪು ಹೊತ್ತಿತು. ಸರಿ. ಇನ್ನು ಆರೋಗ್ಯವಂತರ ಕೈಗೆ ಹಸಿರು ಬರುತ್ತದೆಯೇ ನೋಡಬೇಕು. ಅದಕ್ಕೆ ಬೇರೆಯವರನ್ನು ಕರೆಯುವುದೇಕೆ? ತನ್ನ ಕೈಯೇ ಇದೆಯಲ್ಲ. ಕಡಗ ತೊಟ್ಟು, ಗುಂಡಿ ಒತ್ತಿದಳು.

ನವಿಲು, ನವಿಲು. ಮೂರನೆಯದು ಗರಿ ತೋರಿಸಿ ಸರಿದುಹೋಯಿತು.

ಕೆಂಪು.

ಯಂತ್ರ ಕೆಟ್ಟಿದೆ ಎಂದುಕೊಂಡಳು. ಕೈ ಒರೆಸಿಕೊಂಡು ಮತ್ತೆ ಒತ್ತಿದಳು. ಕೆಂಪು. ಕಡಗ ಬದಲಿಸಿದಳು. ಕೆಂಪು. ಚಹಾ ತಂದ ಫಕೀರಪ್ಪನನ್ನು ಹಿಡಿದು ಕೂರಿಸಿ ಅವನ ಕೈಗೆ ತೊಡಿಸಿದಳು. “ಏನ್ರಿ ಬಾಯಾರ ಇದು, ನವಲು ಹಾರಿ ಹೋತು,” ಎಂದು ಅವನು ಬೇಸರದಿಂದ ಗೊಣಗಿದ. ಹಸಿರು ಬಂತು. ಅವನು ಎದ್ದುಹೋದ.

ಅವನು ಹೋದ ಮೇಲೆ ಮಹಾನಂದಾ ತನ್ನ ಹೊಸ ಗೆರೆಯನ್ನೂ ಏಳನೆಯ ಕೈಯ ಗೆರೆಯನ್ನೂ ಒಂದರ ಮೇಲೊಂದು ಇಟ್ಟಳು. ಎರಡೂ ಕೂಡಿಕೊಂಡವು. ದಿನಾ ಸಂಜೆ ಕಲ್ಲಿನಂತಿದ್ದ ಆ ಕೈ ಏನು ಮಾಡುತ್ತಿತ್ತೆಂದು ಈಗ ತಿಳಿಯಿತು. ರೊಟ್ಟಿ ಬಡಿಯದ, ಪಾತ್ರೆ ತೊಳೆಯದ, ಗಂಡನಿಗೆ ನೀರು ಕೊಡದ ಆ ಎಡಗೈ, ಗಂಟೆಗಟ್ಟಲೆ ಅಲುಗದೆ ಫೋನು ಹಿಡಿದಿತ್ತು. ಪಂಚಮಿಯ ದಿನ ಬಾಲ್ಕನಿಯಲ್ಲಿಯೂ ಅದನ್ನೇ ಹಿಡಿದಿತ್ತು. ಕೊಬ್ಬರಿ ಬಟ್ಟಲಿನ ಪಣ ಅವಳಿಗೆ ಆಗಲೇ ಉಪ್ಪಿಲ್ಲದ ಸಾರಾಗಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ನೀರಿನ ಬಾನಿಯಲ್ಲಿ ಬಿತ್ತು ಎನ್ನುತ್ತಾರೆ. ಇಲ್ಲಿ ಬಾನಿಯಲ್ಲಿ ಬಿದ್ದ ಹಲ್ಲಿಯನ್ನೇ ನೋಡಿ ಊರವರು ಶಕುನ ಕಲಿತಿದ್ದರು. ಮಹಾನಂದಾಗೆ ಭಯವಾಯಿತು. ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಭಯ.

ಭಯ ಬಂದಾಗ ಮನುಷ್ಯ ಮೊದಲು ಮಾಡುವ ಕೆಲಸವನ್ನೇ ಅವಳೂ ಮಾಡಿದಳು: ಮುಚ್ಚಿಟ್ಟಳು. ನಫೀಸಾ ಅವರ ಬಳಿ ಹೋಗಿ, ಏಳನೆಯ ಕೈಯ ಗೆರೆಯಲ್ಲಿ ದೋಷವಿತ್ತು, ತೆಗೆದುಹಾಕಿದೆ, ಯಂತ್ರ ಈಗ ಸರಿಯಾಗಿದೆ ಎಂದಳು.

“ದೋಷ ಅಂದ್ರ?”

“ತಂತಿ ಸಡಿಲಾಗಿತ್ತು ಕಾಣಸ್ತದರಿ.”

“ಶಾಭಾಸ್, ಮಹಾನಂದಾ. ಆ ಹೂಗಾರನ್ನ ಕರಸೋಣು. ನಮ್ಮ ಪುಣ್ಯಾ, ನಿನ್ನಂಥ ನೆಟ್ಟಗಿನ ಕೈ ನಮ್ಮ ಕಡೆ ಅದ.”

ಹೇಳಿದ್ದರಲ್ಲಿ ಅರ್ಧ ಸುಳ್ಳು, ಮಾಡಿದ್ದು ಪೂರ್ತಿ ಒಳ್ಳೆಯದು. ಯಂತ್ರಕ್ಕೆ ವಾಸಿಯಾಗಿತ್ತು, ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಇನ್ನು ತನ್ನದನ್ನು ತಾನೇ ನೋಡಿಕೊಳ್ಳುತ್ತೇನೆ ಎಂದುಕೊಂಡು ಆ ಸಂಜೆ ಫೋನಿನಿಂದ ಆಟವನ್ನು ಕಿತ್ತುಹಾಕಿದಳು. ಅಡುಗೆಮನೆಗೆ ಹೋಗಿ ಗುರುಪಾದನ ಕೈಯಿಂದ ಹಿಟ್ಟು ಕಸಿದುಕೊಂಡು ರೊಟ್ಟಿ ಬಡಿದಳು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಏನಾಯಿತೆಂದು ಕೇಳಲೂ ಹೆದರಿ, ಸುಮ್ಮನೆ ಪಕ್ಕದಲ್ಲಿ ನಿಂತು ಶೇಂಗಾ ಚಟ್ನಿಗೆ ಮೊಸರು ಕಲಸಿದ.

ಮರುದಿನ ಬೆಳಿಗ್ಗೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅವಳು ಆಟವನ್ನು ಮತ್ತೆ ಫೋನಿಗೆ ಇಳಿಸಿಕೊಂಡಳು. ಒಂದೇ ಕೈ ಆಡಿ ತೆಗೆದುಹಾಕುವುದಾಗಿತ್ತು. ಆಚೆ ಗುರುಪಾದ ಶಾಲೆಗೆ ಹೊತ್ತಾಯಿತೆಂದು ಬಾಗಿಲು ತಟ್ಟಿದ, ತಟ್ಟಿ ತಟ್ಟಿ, ಮುಖವನ್ನಷ್ಟೇ ಹಿತ್ತಲಿನ ನಲ್ಲಿಯಲ್ಲಿ ತೊಳೆದುಕೊಂಡು ಹೋದ. ಆ ವಾರವೆಲ್ಲ ಹೀಗೇ ನಡೆಯಿತು. ಕಿತ್ತುಹಾಕುವುದು, ಇಳಿಸಿಕೊಳ್ಳುವುದು. ಆಟದ ಗುಟ್ಟು ಗೊತ್ತಿತ್ತು, ತನ್ನ ನಾಡಿಯ ಗುಟ್ಟೂ ಗೊತ್ತಾಗಿತ್ತು. ಗೊತ್ತಿದ್ದರಿಂದ ಎಳ್ಳಷ್ಟೂ ಉಪಯೋಗವಾಗಲಿಲ್ಲ. ಇದು ಒಬ್ಬಳೇ ಎತ್ತುವ ಭಾರವಲ್ಲ ಎಂದು ಅವಳಿಗೆ ಅನ್ನಿಸತೊಡಗಿತು. ಆದರೆ ಯಾರಿಗೆ ಹೇಳುವುದು? ನೆಟ್ಟಗಿನ ಕೈ ಎಂದವರಿಗೇ?

ಹೂಗಾರ ಮತ್ತೆ ಬಂದ. ವಾರದಲ್ಲಿ ಇನ್ನಷ್ಟು ಇಳಿದುಹೋಗಿದ್ದ. ಕಡಗ ತೊಟ್ಟು ಗುಂಡಿ ಒತ್ತಿದ. ನವಿಲು ತಪ್ಪಿತು, ಕೆಂಪು ದೀಪ ಹೊತ್ತಿತು. ಅವನು ಆ ದೀಪವನ್ನು ನೋಡುತ್ತ ನೋಡುತ್ತ ಅತ್ತುಬಿಟ್ಟ.

“ನೋಡಕ್ಕಾ. ನಾ ಸುಳ್ಳ ಹೇಳಿದ್ದಿಲ್ಲ.”

ಗಂಗವ್ವ ಸೆರಗಿನಿಂದ ತಮ್ಮನ ಮುಖ ಒರೆಸಿದಳು. “ಸೊಕ್ಕಂತ ಬೈದೆ, ಹೊಟ್ಟ್ಯಾಗ ಹಾಕ್ಕೋ,” ಎಂದಳು ಆಮೇಲೆ, ಸಣ್ಣ ದನಿಯಲ್ಲಿ.

ಗುಂಪು ಕೂಡುವ ಕೋಣೆ ಹಿಂದಿನ ಅಂಗಳದ ಆಚೆ. ಅಲ್ಲಿಗೆ ಅವನನ್ನು ಕರೆದೊಯ್ಯುವ ಕೆಲಸ ಮಹಾನಂದಾಗೆ ಬಂತು. ಅಂಗಳ ದಾಟಿದ ಮೇಲೆ ಹೂಗಾರ ಬಾಗಿಲಲ್ಲಿ ನಿಂತುಬಿಟ್ಟ. ಒಳಗೆ ಏಳೆಂಟು ಮಂದಿ ಸುತ್ತಲೂ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಡುವೆ ನಫೀಸಾ.

“ಏನ್ ಮಾಡಸ್ತಾರ್ರಿ ಒಳಗ?”

“ಏನಿಲ್ಲ. ಹೆಸರು ಹೇಳೋದು, ಆಡ್ತೀನಿ ಅನ್ನೋದು. ಫೋನಿನ ಕೀಲಿ ಮನ್ಯಾಗಿನವರ ಕೈಯಾಗ ಕೊಡೋದು. ಕೆಲವರಿಗೆ ಗುಳಿಗಿ ಕೊಡ್ತಾರ. ವಾರಾ ವಾರಾ ಬರಬೇಕು. ನಡುವ ಮತ್ತ ಆಡಿದ್ರ ಅದನ್ನೂ ಬಂದು ಹೇಳಬೇಕು, ಯಾರೂ ಬೈಯೂದಿಲ್ಲ.”

“ಎದ್ದು ಹೋಗ್ಬೇಕಂತ ಅನಿಸಿದ್ರ?”

ಮಹಾನಂದಾ ಒಳಗಿನ ಕುರ್ಚಿಗಳ ಕಡೆ ನೋಡಿದಳು. ಒಳಗೆ ಹೋದವರು ಹೊರಗೆ ಬಂದದ್ದನ್ನು ಎಷ್ಟೋ ವರ್ಷದಿಂದ ದೂರದಿಂದಲೇ ನೋಡಿದ್ದಳು. ಒಳಗೆ ಕುಳಿತವರಿಗೆ ಏನಾಗುತ್ತದೆಂದು ಮಾತ್ರ ತಿಳಿದಿರಲಿಲ್ಲ.

“ನೀವೂ ಬರ್ರಿ ಬಾಯಾರ. ಒಬ್ಬಾಂವ ಹೋಗಾಕ ಕಾಲ ಏಳವಲ್ಲವು.”

ಅವಳು ಒಳಗೆ ಬಂದಳು. ಹೂಗಾರ ಒಂದು ಕುರ್ಚಿಯಲ್ಲಿ ಕುಳಿತ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಇತ್ತು, ಮಹಾನಂದಾ ಅದರಲ್ಲಿ ಕುಳಿತಳು.

ನಫೀಸಾ ಮುಗುಳ್ನಕ್ಕರು. “ಇನ್ನ ನೀ ನಡಿ ಮಹಾನಂದಾ. ಇಲ್ಲಿ ಚಿಕಿತ್ಸಾಕ್ಕ ಬಂದವರಷ್ಟ ಕುಂದ್ರೋದು.”

“ಗೊತ್ತದರಿ,” ಎಂದಳು ಮಹಾನಂದಾ. ಆದರೆ ಏಳಲಿಲ್ಲ.

ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ನಫೀಸಾ ಅವರ ಮುಗುಳ್ನಗೆ ನಿಧಾನವಾಗಿ ಇಳಿಯಿತು. ಅವರ ಕಣ್ಣು ಮಹಾನಂದಾಳ ಮುಖದಿಂದ ಅವಳ ಎಡಗೈಗೆ ಇಳಿದು ಅಲ್ಲಿಯೇ ನಿಂತಿತು. ಏಳನೆಯ ಕೈ ಯಾರದೆಂದು ಅವರಿಗೆ ಅರ್ಥವಾಗಿತ್ತು. ಪಂಚಮಿಯ ತಮ್ಮ ಉಪಾಯ, ಆ ಆರು ತಿಂಗಳು, ಹಸಿರು ತೋರಿಸಿ ಮನೆಗೆ ಕಳಿಸಿದ ಮಂದಿ, ಎಲ್ಲವೂ ಅವರ ಮುಖದ ಮೇಲೆ ಹಾದುಹೋದವು. ಬೈಯುತ್ತಾರೆ ಎಂದುಕೊಂಡಳು ಮಹಾನಂದಾ. ಬೈದಿದ್ದರೆ ಹಗುರವಾಗುತ್ತಿತ್ತು.

ನಫೀಸಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಹೊಸಬರನ್ನು ಕೇಳುವ ದನಿಯಲ್ಲಿಯೇ ಕೇಳಿದರು:

“ಹೆಸರು ಹೇಳ್ರಿ.”

“ಮಹಾನಂದಾ.”

“ಎಷ್ಟು ದಿವಸಾತು ಆಡ್ಲಿಕತ್ತು?”

ಕೆಲಸದ್ದು ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. “ಎರಡು ವರ್ಷರಿ. ಇವತ್ತ ಮುಂಜಾನೆನೂ ಆಡೇನಿ. ಬಿಡಬೇಕಂತೀನಿ, ಬಿಡಲಿಕ್ಕಾಗವಲ್ಲದು. ತಂತಿ ಸಡಿಲಾಗಿತ್ತಂತ ನಿಮಗ ಸುಳ್ಳ ಹೇಳೇನಿ.”

“ಮನ್ಯಾಗ ಯಾರಿಗೆ ಗೊತ್ತದ?”

“ಯಾರಿಗೂ ಇಲ್ಲ. ಸಂಜಿಕೆ ಹೇಳ್ತೀನಿ.”

“ಸಂಜಿಕೆ ಬ್ಯಾಡ,” ಎಂದರು ನಫೀಸಾ, ಮೆತ್ತಗೆ.

ಮಹಾನಂದಾ ಫೋನು ತೆಗೆದಳು. ಅತ್ತ ಕಡೆ ಶಾಲೆಯ ಮಕ್ಕಳ ಗಲಾಟೆ ಕೇಳಿಸಿತು, ಆಮೇಲೆ ಗುರುಪಾದನ ಹಲೋ. ಅವಳು ಹೇಳಿದಳು. ಬೋರಮಾಳವನ್ನೂ ಸೇರಿಸಿ, ಏನೂ ಬಿಡದೆ ಹೇಳಿದಳು. ಮಕ್ಕಳ ಗಲಾಟೆ ಮಾತ್ರ ಕೇಳುತ್ತಿತ್ತು. ನಂತರ ಅವನು ಬಾಗಿಲು ಹಾಕಿದ ಸದ್ದು, ಅದರ ಹಿಂದೆ ಅವನ ದನಿ.

“ಸಿಟ್ಟು ಬಂದದ ನನಗ. ಬಾಳ ಬಂದದ.” ಅವನು ಉಸಿರು ಎಳೆದುಕೊಂಡ. “ನೀ ಎಲ್ಲಿದ್ದೀ ಈಗ?”

“ಗುಂಪಿನ ಕೋಣ್ಯಾಗ.”

“ಅಲ್ಲೇ ಇರು. ಎದ್ದು ಹೋಗಬ್ಯಾಡ. ನಾ ಬರ್ತೀನಿ.”

ಫೋನನ್ನು ಅವಳು ಮಡಿಲಲ್ಲಿ ಇಟ್ಟುಕೊಳ್ಳಲಿಲ್ಲ, ಎದ್ದು ನಫೀಸಾ ಅವರ ಮುಂದಿನ ಮೇಜಿನ ಮೇಲೆ ಇಟ್ಟಳು. ಕೈ ಖಾಲಿಯಾಗಿ, ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಹೂಗಾರ ತನ್ನ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡ.

“ಈ ಕಡೆ ಸರದು ಕುಂದರ್ರಿ ಅಕ್ಕಾರ,” ಎಂದ. “ಇಲ್ಲಿ ಗಾಳಿ ಬರ್ತೈತಿ.”